ರಿಪೋರ್ಟ್ ನಾರ್ಮಲ್, ಬಾಯಲ್ಲಿ ಹುಣ್ಣು

ಮುಂಬಯಿಯ ಕೇಳುಗರಿಗೆ ನಮಸ್ಕಾರ. ಮಾಟುಂಗಾ, ಡೊಂಬಿವಲಿ, ಮೀರಾ ರೋಡ್ ಕಡೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೇಳುತ್ತಿರುವವರಿಗೆ, ಒಳಗೆ ಹಿಟ್ಟು ರುಬ್ಬುತ್ತಾ ಕೇಳುತ್ತಿರುವವರಿಗೆ ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಬಾಯಲ್ಲಿ ಹುಣ್ಣಿದ್ದರೆ ಹುಣ್ಣನ್ನು ತೋರಿಸಿ, ರಕ್ತದ ರಿಪೋರ್ಟನ್ನಲ್ಲ.

ಮೂವತ್ತು ವರ್ಷ ರಕ್ತಪರೀಕ್ಷೆ ಮಾಡಿಯೇ ಅನ್ನ ಉಂಡವನು ನಾನು. ಅದಕ್ಕೇ ಹೇಳುತ್ತಿದ್ದೇನೆ.

ಕಾರ್ಕಳ ಕಡೆಯ ಹೋಟೆಲಿನವರೊಬ್ಬರು ಒಂದು ಭಾನುವಾರ ಮನೆಗೆ ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. "ಫುಲ್ ಬಾಡಿ ಚೆಕಪ್ ಮಾಡಿಸಿದ್ದೇನೆ ಸಾರ್, ಕ್ಯಾನ್ಸರಿನ ಟೆಸ್ಟೂ ಉಂಟು, ಎಲ್ಲ ನಾರ್ಮಲ್. ಆದರೂ ನೀವೊಮ್ಮೆ ನೋಡಿ." ನನ್ನ ಹೆಂಡತಿ ಚಹಾ, ಖಾರದ ಅವಲಕ್ಕಿ ತಂದಿಟ್ಟಳು. ಅವರು ಚಹಾವನ್ನು ಬಸಿಗೆ ಹೊಯ್ದು ಊದಿದರು, ಮತ್ತೆ ಆರಲು ಬಿಟ್ಟರು. ಅವಲಕ್ಕಿ ಮುಟ್ಟಲೇ ಇಲ್ಲ. ಫೈಲಿನಲ್ಲಿ ಸಿಇಎ ಎಂಬ ಅಂಕಿ, ಅಂದರೆ ಅವರು ಹೇಳಿದ ಕ್ಯಾನ್ಸರಿನ ರಕ್ತಪರೀಕ್ಷೆಯದು, ಸರಿಯಾಗಿಯೇ ಇತ್ತು. ನಾನು ಫೈಲು ಮುಚ್ಚಿ, "ಬಾಯಿ ತೆರೆಯಿರಿ" ಎಂದೆ. ಮೂರು ಬೆರಳು ಹಿಡಿಯಬೇಕಾದ ಬಾಯಲ್ಲಿ ಎರಡೂ ಹಿಡಿಯಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಎಡಗೆನ್ನೆಯ ಒಳಗೆಲ್ಲ ಬಿಳಿಚಿಕೊಂಡಿದೆ, ನಡುವೆ ಅಂಚು ದಪ್ಪಗಟ್ಟಿದ ಹುಣ್ಣು. ಅದೇ ಜಾಗದಲ್ಲಿ ಇಪ್ಪತ್ತು ವರ್ಷ ಗುಟ್ಕಾ ಒತ್ತಿಟ್ಟುಕೊಂಡಿದ್ದರಂತೆ.

"ಎಷ್ಟು ದಿನವಾಯಿತು?"

"ಚೌತಿಯಿಂದ."

ಆಗ ಯುಗಾದಿ ಹತ್ತಿರ ಬಂದಿತ್ತು. ರಿಪೋರ್ಟಿಗೂ ಐದು ತಿಂಗಳಾಗಿತ್ತು. "ಮತ್ತೆ ಯಾರಿಗೂ ಬಾಯಿ ತೋರಿಸಲಿಲ್ಲವೇ?"

"ನಾರ್ಮಲ್ ಉಂಟಲ್ಲ ಸಾರ್."

ಮರುದಿನವೇ ಕ್ಯಾನ್ಸರ್ ಆಸ್ಪತ್ರೆಗೆಂದು ಪರೇಲ್‌ಗೆ ಕರೆದುಕೊಂಡು ಹೋದೆ. ಹುಣ್ಣಿನ ಚೂರು ತೆಗೆದು ನೋಡಿದರು, ಕ್ಯಾನ್ಸರೇ. ಆಪರೇಶನ್ನಿನಲ್ಲಿ ದವಡೆಯ ಒಂದು ಭಾಗ ಹೋಯಿತು. ಬದುಕಿದ್ದಾರೆ, ಗಂಜಿ ಉಣ್ಣುತ್ತಾರೆ. ಆ ಐದು ತಿಂಗಳು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಹಿಡಿಯುವ ಆಸೆ ಹಳೆಯದು. 1949ರಲ್ಲಿ ಶಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಜೊತೆಯವರು ಸೀರಮ್ಮಿಗೆ, ಅಂದರೆ ರಕ್ತ ಹೆಪ್ಪಾದ ಮೇಲೆ ಉಳಿಯುವ ತಿಳಿಗೆ, ಒಂದು ರಾಸಾಯನಿಕ ಬೆರೆಸಿ ಕಾಯಿಸಿದರು. ಬೆಂದ ಮೊಟ್ಟೆಯ ಬಿಳಿಯಂತೆ ಅದು ಗಟ್ಟಿಯಾಗುತ್ತದೆ. ಕ್ಯಾನ್ಸರ್ ಇದ್ದವರದ್ದು ಸರಿಯಾಗಿ ಗಟ್ಟಿಯಾಗದು ಎಂದರು. ಆದರೆ ಬೇರೆ ಕಾಯಿಲೆಯವರದ್ದೂ ಹಾಗೇ ಆಗುತ್ತದೆಂದು ಗೊತ್ತಾಗಿ ಪರೀಕ್ಷೆ ಮೂಲೆ ಸೇರಿತು. ಹಗಿನ್ಸ್ ಸಾಮಾನ್ಯರಲ್ಲ, 1966ರಲ್ಲಿ ನೊಬೆಲ್ ಪಡೆದವರು. 1941ರಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ರಕ್ತದ ಅಂಕಿ ಹಿಡಿದು, ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಚಿಕಿತ್ಸೆ ನಾಟುತ್ತಿದೆ ಎಂದು ತೋರಿಸಿದವರೂ ಅವರೇ. ಅಲ್ಲಿ ಕಾಯಿಲೆ ಮೊದಲೇ ಗೊತ್ತಿತ್ತು, ಅಂಕಿ ಅದರ ಏರಿಳಿತ ಹೇಳಿತು. ಅದರ ಕೆಲಸ ಅಷ್ಟೇ. ಏನೂ ಗೊತ್ತಿಲ್ಲದವರಿಗೆ "ನಿಮಗೇನೂ ಇಲ್ಲ" ಎನ್ನುವ ಕೆಲಸ ಅದಕ್ಕೆ ಕೊಡಬೇಡಿ.

ಹೆಂಗಸರಿಗೂ ಹೇಳುವುದಿತ್ತು, ಸಮಯ ಕಡಿಮೆ. ಇದೇ ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು 1,50,000 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಗರ್ಭಕೊರಳಿಗೆ ಎರಡು ವರ್ಷಕ್ಕೊಮ್ಮೆ ವಿನೆಗರ್ ಸವರಿ ಬರಿಗಣ್ಣಿನಿಂದ ನೋಡಿಸಿದರು. ನೋಡಿದವರು ಹತ್ತನೇ ಕ್ಲಾಸ್ ಓದಿ ತರಬೇತಿ ಪಡೆದ ಹೆಣ್ಣುಮಕ್ಕಳು. ಆ ಗುಂಪಿನಲ್ಲಿ ಗರ್ಭಕೊರಳ ಕ್ಯಾನ್ಸರಿನ ಸಾವು 31% ಕಡಿಮೆಯಾಯಿತು. ಅಲ್ಲೂ ನೋಡಿದ್ದು ಜಾಗವನ್ನೇ, ರಿಪೋರ್ಟನ್ನಲ್ಲ.

ಇವತ್ತು ರಾತ್ರಿ ಊಟವಾದ ಮೇಲೆ ಬಾಯಿ ಮುಕ್ಕಳಿಸಿ ಕನ್ನಡಿ ಮುಂದೆ ನಿಲ್ಲಿ. ಬೆರಳಿನಿಂದ ಕೆನ್ನೆ ಎಳೆದು ಒಳಗೆ ನೋಡಿ, ನಾಲಿಗೆ ಎತ್ತಿ ಅಡಿಯಲ್ಲೂ ನೋಡಿ. ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಕಲೆ ಕಂಡರೆ ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ. ಫೈಲು ಮನೆಯಲ್ಲೇ ಇರಲಿ. ನಮಸ್ಕಾರ.