ಮೋಟರ್ ಕೆಟ್ಟಿದೆ ಅನ್ನುವ ಮುಂಚೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಕಟ್ಟಿದವರು ಇಲ್ಲಿ ಜಾಸ್ತಿ ಇದ್ದೀರಿ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಎಕ್ಸ್ ಆ್ಯಕ್ಸಿಸ್, ಅಂದರೆ ಎಡ-ಬಲ ಓಡಾಟ, ಸರಿಯುತ್ತಿಲ್ಲ. ಮೋಟರ್ ಗುಂಯ್ ಅನ್ನುತ್ತಾ ನಿಂತಲ್ಲೇ ನಡುಗುತ್ತಿದೆ. ಹೊಸ ಮೋಟರ್ ತರೋಣ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಇದರಲ್ಲಿರುವ ಸ್ಟೆಪರ್ ಮೋಟರಿನಲ್ಲಿ (ಒಂದೊಂದೇ ಚಿಕ್ಕ ಹೆಜ್ಜೆಯಾಗಿ ತಿರುಗುವ ಮೋಟರ್) ಕೆಡುವುದಕ್ಕೆ ಇರುವುದೇ ಕಡಿಮೆ. ಬ್ರಷ್ ಇಲ್ಲ, ತಿರುಗುವ ಭಾಗದಲ್ಲಿ ವೈರ್ ಇಲ್ಲ.

ಈ ನಡುಕ ಸಾಮಾನ್ಯವಾಗಿ ಎರಡು ಕಾಯಿಲ್‌ಗಳಲ್ಲಿ ಒಂದಕ್ಕೆ ಕರೆಂಟ್ ಹೋಗದಿದ್ದಾಗ ಬರುತ್ತದೆ. ಒಂದೇ ಕಾಯಿಲ್ ಇದ್ದರೆ ಮೋಟರಿಗೆ ದಿಕ್ಕೇ ಸಿಗುವುದಿಲ್ಲ. ಪವರ್ ಪೂರ್ತಿ ಆಫ್ ಮಾಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ: ಪವರ್ ಇರುವಾಗ ಮೋಟರ್ ಕನೆಕ್ಟರ್ ಎಳೆದರೆ ಡ್ರೈವರ್ (ಮೋಟರಿಗೆ ಕರೆಂಟ್ ಕೊಡುವ ಸರ್ಕ್ಯೂಟ್) ಸುಟ್ಟುಹೋಗಬಹುದು, ಆಮೇಲೆ ನಿಮ್ಮ ಕೈಯಲ್ಲಿ ಎರಡು ತೊಂದರೆ.

ಡ್ರೈವರ್ ಕಡೆಯ ತುದಿಯಲ್ಲಿ ಕನೆಕ್ಟರ್ ಬಿಚ್ಚಿ, ನಾಲ್ಕು ವೈರ್‌ಗಳಲ್ಲಿ ಜೋಡಿ (ಒಂದೇ ಕಾಯಿಲ್‌ನ ಎರಡು ತುದಿ) ಹುಡುಕಿ ಮಲ್ಟಿಮೀಟರಿನಲ್ಲಿ ಓಮ್ ನೋಡಿ. ಎರಡೂ ಜೋಡಿ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು, ಸಾಮಾನ್ಯವಾಗಿ ಕೆಲವೇ ಓಮ್. ಮೀಟರ್ ಇಲ್ಲವೇ? ಒಂದು ಜೋಡಿಯ ತುದಿಗಳನ್ನು ಒಂದಕ್ಕೊಂದು ತಾಗಿಸಿ ಶಾಫ್ಟ್ ತಿರುಗಿಸಿ. ಬಿಗಿಯಾಯಿತಾ, ಆ ಕಾಯಿಲ್ ತುಂಡಾಗಿಲ್ಲ.

ಈಗ ಗ್ಯಾಂಟ್ರಿಯನ್ನು (ಯಂತ್ರದ ಸರಿಯುವ ಚೌಕಟ್ಟು) ಕೈಯಲ್ಲೇ ಸ್ವಲ್ಪ ಸರಿಸಿ, ನಿಲ್ಲಿಸಿ, ಮತ್ತೆ ಅಳೆಯಿರಿ. ನಿಲ್ಲಿಸಲೇಬೇಕು. ಸರಿಸುತ್ತಿರುವಾಗ ಮೋಟರೇ ಜನರೇಟರ್ ಆಗಿ ಅಂಕಿ ಕುಣಿಯುತ್ತದೆ. ಎಡತುದಿಯಲ್ಲಿ ಸರಿಯಾಗಿದ್ದ ಅಂಕಿ ಬಲತುದಿಗೆ ಹೋದಾಗ ಮಾಯವಾದರೆ, ಕೇಬಲ್ ಚೈನ್ (ವೈರ್‌ಗಳನ್ನು ಹಿಡಿದು ಜೊತೆಗೇ ಬಾಗುವ ಪ್ಲಾಸ್ಟಿಕ್ ಸರಪಳಿ) ಒಳಗೆ ವೈರ್ ಮುರಿದಿದೆ. ವೈರಿನ ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ನನ್ನ ಕೇಳಿದರೆ ಮೋಟರಿಗಿಂತ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ವೈರ್ ಸರಿ ಇದ್ದರೆ, ಪವರ್ ಆಫ್ ಇರುವಾಗಲೇ ಎಕ್ಸ್ ಮತ್ತು ವೈ ಮೋಟರ್‌ಗಳ ಕನೆಕ್ಟರ್ ಅದಲು ಬದಲು ಮಾಡಿ. ಅದೇ ಮೋಟರ್ ನಡುಗಿದರೆ ತಪ್ಪು ಮೋಟರಿನದು. ನಡುಕ ಇನ್ನೊಂದಕ್ಕೆ ದಾಟಿದರೆ ಡ್ರೈವರ್ ಅಥವಾ ಸೆಟ್ಟಿಂಗ್ ನೋಡಿ. ಎ4988 ಡ್ರೈವರ್ ಆದರೆ, 0.1 ಓಮ್ ಸೆನ್ಸ್ ರೆಸಿಸ್ಟರ್ (ಕರೆಂಟ್ ಅಳೆಯುವ ರೆಸಿಸ್ಟರ್) ಇರುವ ಬೋರ್ಡಿನಲ್ಲಿ 1 ಆಂಪಿಯರ್‌ಗೆ ವಿರೆಫ್ (ಕರೆಂಟ್ ಮಿತಿ ನಿಗದಿಸುವ ವೋಲ್ಟೇಜ್) 0.8 ವೋಲ್ಟ್ ಇರಬೇಕು.

ಮೋಟರ್ ಚೆನ್ನಾಗಿ ತಿರುಗುತ್ತಿದ್ದೂ ಅಳತೆ ತಪ್ಪುತ್ತಿದೆಯಾ? ಶಾಫ್ಟ್ ಮತ್ತು ಕಪ್ಲಿಂಗ್ (ಶಾಫ್ಟನ್ನು ಯಂತ್ರಕ್ಕೆ ಜೋಡಿಸುವ ತುಂಡು) ಎರಡರ ಮೇಲೂ ಹಾಯುವಂತೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಕೆಲಸ ಓಡಿಸಿ. ಗೆರೆ ಎರಡಾಗಿ ಸರಿದಿದ್ದರೆ ಕಪ್ಲಿಂಗಿನ ಸ್ಕ್ರೂ ಸಡಿಲ. ಗೆರೆ ನೆಟ್ಟಗಿದ್ದರೆ ಸ್ಪೀಡ್ ಮತ್ತು ಆ್ಯಕ್ಸೆಲರೇಶನ್ ಇಳಿಸಿ ನೋಡಿ. ವೇಗ ಹೆಚ್ಚಿದಷ್ಟೂ ಸ್ಟೆಪರಿನ ಟಾರ್ಕ್ (ತಿರುಗಿಸುವ ಬಲ) ಬಿದ್ದುಹೋಗುತ್ತದೆ, ಸ್ಟೆಪ್ ತಪ್ಪಿದ್ದು ಕಂಟ್ರೋಲರಿಗೆ ಗೊತ್ತೂ ಆಗುವುದಿಲ್ಲ.

ಮೋಟರ್ ಬಿಸಿ ಅಂತ ಹಲವರು ಹೆದರುತ್ತಾರೆ. ಮುಟ್ಟಲು ಕಷ್ಟವಾಗುವಷ್ಟು ಬಿಸಿ ಇದರಲ್ಲಿ ಮಾಮೂಲು.

ಇಷ್ಟೆಲ್ಲ ನೋಡಿದ ಮೇಲೂ ಮೋಟರೇ ಕಳ್ಳ ಅಂತಾದರೆ ಬದಲಾಯಿಸಿ, ಒಳಗೆ ಏನಿದೆ ನೋಡೋಣ ಅಂತ ಬಿಚ್ಚಲು ಹೋಗಬೇಡಿ. ರೋಟರ್ (ಒಳಗೆ ತಿರುಗುವ ಭಾಗ) ಹೊರಗೆಳೆದರೆ ಅದರ ಆಯಸ್ಕಾಂತದ ಬಲ ಕುಗ್ಗುತ್ತದೆ. ಮತ್ತೆ ಎಷ್ಟೇ ನೀಟಾಗಿ ಜೋಡಿಸಿದರೂ ಹಳೆಯ ಟಾರ್ಕ್ ಬರುವುದಿಲ್ಲ.