ಟೈಮ್ ಒಂದನ್ನೇ ನೋಡ್ಬೇಡಿ, ಹಿಂದಿನ ಲೆಕ್ಕ ಕೇಳಿ

ಎಲ್ಲರಿಗೂ ನಮಸ್ಕಾರ. ಮಧುಗಿರಿ, ಶಿರಾ, ಪಾವಗಡ, ತಿಪಟೂರು ಕಡೆಯಿಂದ ಕೇಳ್ತಿರೋ ಓಟದ ಮಕ್ಕಳು, ಅವರ ಅಪ್ಪ ಅಮ್ಮ, ಮುಖ್ಯವಾಗಿ ಹೈಸ್ಕೂಲ್ ಪಿಟಿ ಮೇಷ್ಟ್ರುಗಳು, ನಾನು ಓಟ ಕಲಿಸೋ ಕೋಚು, ನಿಮಗೆ ಅಂತಾನೇ ಇವತ್ತು ಬಂದಿದೀನಿ. ಕೊಟ್ಟಿರೋ ಟೈಮ್ ಕಮ್ಮಿ, ನಾನು ಹೇಳೋದೂ ಒಂದೇ ಮಾತು. ಯಾರಾದ್ರೂ ಇದ್ದಕ್ಕಿದ್ದಂಗೆ ಜೋರಾಗಿ ಓಡಿದ್ರೆ ಉದ್ದೀಪನ ಮದ್ದು ತಗೊಂಡಿದಾರೋ ಇಲ್ವೋ ಅಂತ ಟೈಮ್ ಒಂದನ್ನೇ ನೋಡಿ ತೀರ್ಮಾನ ಮಾಡ್ಬೇಡಿ, ಹಿಂದಿನ ಲೆಕ್ಕ, ಅಂದ್ರೆ ಮೊದಲು ಎಷ್ಟೆಷ್ಟು ಓಡ್ತಿದ್ರು ಅನ್ನೋದು ಕೇಳಿ.

ಯಾಕೆ ಹೇಳ್ತಿದೀನಿ ಅಂದ್ರೆ, ಪ್ರತಿ ವರ್ಷ ಜಿಲ್ಲಾ ಕ್ರೀಡಾಕೂಟ ಮುಗೀತಿದ್ದಂಗೆ ನಮ್ಮ ತುಮಕೂರಿನ ಮಹಾತ್ಮ ಗಾಂಧಿ ಸ್ಟೇಡಿಯಂ ಹೊರಗಡೆ ಟೀ ಕುಡೀತಾ ಇದೇ ಚರ್ಚೆ. ಹೋದ ವರ್ಷ 800 ಮೀಟರ್‌ನ 2 ನಿಮಿಷ 12 ಸೆಕೆಂಡಲ್ಲಿ ಓಡ್ತಿದ್ದ ಹುಡುಗ ಈ ಸಲ 2 ನಿಮಿಷ 2 ಸೆಕೆಂಡು ಓಡ್ಬಿಟ್ಟ, ಏನೋ ಚುಚ್ಚಿಸ್ಕೊಂಡಿದಾನೆ ಬಿಡಿ ಅಂತ ಒಬ್ಬರು, ಏಯ್ ಮುದ್ದೆ ತಿಂದು ಬೆಳೆದ ಹಳ್ಳಿ ಹುಡುಗ ಅವನು, ಅವನಿಗೆ ಅದೆಲ್ಲ ಎಲ್ಲಿಂದ ಗೊತ್ತಾಗತ್ತೆ ಅಂತ ಇನ್ನೊಬ್ಬರು. ಇಬ್ಬರೂ ಆ ಹುಡುಗನ ಒಂದು ದಿನದ ಪ್ರಾಕ್ಟೀಸೂ ನೋಡಿರಲ್ಲ. ಹದಿನೈದು ಹದಿನಾರು ವರ್ಷದ ಹುಡುಗ ಒಂದೇ ವರ್ಷದಲ್ಲಿ ಅರ್ಧ ಅಡಿ ಬೆಳೆದ್ರೆ, ಅದರ ಜೊತೆ ಸರಿಯಾಗಿ ಪ್ರಾಕ್ಟೀಸ್ ಮಾಡಿದ್ರೆ ಹತ್ತು ಸೆಕೆಂಡ್ ಇಳಿಯೋದು ದೊಡ್ಡ ವಿಷಯ ಏನಲ್ಲ. ಅದೇ ಇಪ್ಪತ್ತಾರು ವರ್ಷದೋನು, ಎಂಟು ವರ್ಷದಿಂದ ಓಡ್ತಿರೋನು, ಒಂದು ಸೀಸನ್ನಲ್ಲಿ ಆರು ಸೆಕೆಂಡ್ ಇಳಿಸಿದ್ರೆ ಮಾತ್ರ ನಾನೂ ಹುಬ್ಬು ಹಾರಿಸ್ತೀನಿ. ಸೆಕೆಂಡು ಮುಖ್ಯ ಅಲ್ಲ ಕಣ್ರಿ, ಯಾರು, ಎಷ್ಟು ವಯಸ್ಸು, ಮೊದಲು ಎಲ್ಲಿದ್ದ, ಅದು ಮುಖ್ಯ.

ಈಗ ಈ ಮಧ್ಯಮ ದೂರದ ಓಟದಲ್ಲೇ ಯಾಕೆ ಇಷ್ಟು ಅನುಮಾನ? 800 ಮೀಟರ್ ಓಟದಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಬರೋದು ಆಮ್ಲಜನಕದಿಂದ, 1500ಕ್ಕೆ ಹೋದ್ರೆ ಇನ್ನೂ ಜಾಸ್ತಿ. ಆಮ್ಲಜನಕ ಹೊತ್ಕೊಂಡು ಹೋಗೋದು ಕೆಂಪು ರಕ್ತಕಣ. ಆ ಕಣ ತಯಾರು ಮಾಡು ಅಂತ ಮೂಳೆ ಮಜ್ಜೆಗೆ ಆರ್ಡರ್ ಕೊಡೋ ಹಾರ್ಮೋನು ಇಪಿಒ, ನಮ್ಮ ಕಿಡ್ನಿಯಲ್ಲೇ ತಯಾರಾಗತ್ತೆ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ರಕ್ತ ಕಮ್ಮಿ ಆಗತ್ತಲ್ಲ, ಅವರಿಗೋಸ್ಕರ 1980ರ ದಶಕದ ಕೊನೇಲಿ ಇದು ಇಂಜೆಕ್ಷನ್ ಆಗಿ ಬಂತು, ಪಾಪ ಎಷ್ಟೋ ಜೀವ ಉಳಿಸಿರೋ ಔಷಧಿ. ಅದನ್ನ ಆರೋಗ್ಯವಾಗಿರೋ ಓಟಗಾರ ತಗೊಂಡ್ರೆ ಕಣ ವಿಪರೀತ ಜಾಸ್ತಿಯಾಗಿ ರಕ್ತ ಹೊತ್ತಿಕೊಂಡ ರಾಗಿ ಗಂಜಿ ಥರ ಗಟ್ಟಿ ಆಗತ್ತೆ, ಹೃದಯಕ್ಕೆ ಅದನ್ನ ತಳ್ಳೋದೇ ಕಷ್ಟ, ನಾಳದಲ್ಲಿ ಗಡ್ಡೆ ಕಟ್ಕೊಂಡು ನಿದ್ದೆಯಲ್ಲೇ ಹೋಗ್ಬಿಡಬಹುದು. ಇದನ್ನ ಪತ್ತೆ ಹಚ್ಚೋ ಟೆಸ್ಟ್ ಒಲಿಂಪಿಕ್ಸಿಗೆ ಬಂದಿದ್ದು 2000ದಲ್ಲಿ, ಸಿಡ್ನಿಗೆ. ಅಲ್ಲಿ ತನಕ ಹತ್ತು ವರ್ಷ ಬಾಗಿಲು ತೆಗೆದಿಟ್ಟಂಗೇ ಇತ್ತು.

ಆ ಹತ್ತು ವರ್ಷದ ಒಂದು ಕತೆ ಹೇಳ್ತೀನಿ. ನಾನು ಯಾವ ಹುಡುಗರಿಗೇ ಟ್ರೇನಿಂಗ್ ಶುರು ಮಾಡ್ಲಿ, ಮೊದಲು ಹೇಳೋದು ಇದನ್ನೇ.

1993ನೇ ಇಸವಿ. ಚೀನಾದಲ್ಲಿ ಮಾ ಜುನ್‌ರೆನ್ ಅಂತ ಒಬ್ಬ ಕೋಚು, ಲಿಯಾವೊನಿಂಗ್ ಅನ್ನೋ ಪ್ರಾಂತ್ಯದೋನು, ಅವನ ಕೈಕೆಳಗೆ ಹಳ್ಳಿ ಕಡೆಯ ಹುಡುಗೀರ ಗುಂಪು. ಆಗಸ್ಟಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. 3,000 ಮೀಟರ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೂ ಚೀನಾಗೆ, 1500ರ ಚಿನ್ನ ಚೀನಾಗೆ, 10,000ದ ಚಿನ್ನಾನೂ ಚೀನಾಗೆ. ಸರಿ, ಜಗತ್ತು ಕಣ್ ಕಣ್ ಬಿಡ್ತು. ಅದಾದ ಮುಂದಿನ ತಿಂಗಳು ಬೀಜಿಂಗಲ್ಲಿ ಅವರ ರಾಷ್ಟ್ರೀಯ ಕ್ರೀಡಾಕೂಟ. ಈಗ ಸ್ವಲ್ಪ ಗಮನ ಇಟ್ಟು ಕೇಳಿ. ಸೆಪ್ಟೆಂಬರ್ 8, ವಾಂಗ್ ಜುನ್‌ಶಿಯಾ ಅನ್ನೋ ಹುಡುಗಿ 10,000 ಮೀಟರ್ ಓಡ್ತಾಳೆ. ಆಗಿದ್ದ ವಿಶ್ವ ದಾಖಲೆ ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯಾನ್ಸೆನ್ ಅವರದ್ದು, 30 ನಿಮಿಷ 13.74 ಸೆಕೆಂಡು, ಏಳು ವರ್ಷದಿಂದ ಯಾರೂ ಅಲ್ಲಾಡಿಸಿರಲಿಲ್ಲ. ಈ ಹುಡುಗಿ ಓಡಿದ್ದು 29 ನಿಮಿಷ 31.78. ಸುಮಾರು 42 ಸೆಕೆಂಡ್ ಒಂದೇ ಏಟಿಗೆ! ವಿಶ್ವ ದಾಖಲೆ ಅಂದ್ರೆ ಒಂದು ಸೆಕೆಂಡು ಎರಡು ಸೆಕೆಂಡು ಕೆರ್ಕೊಂಡು ಕೆರ್ಕೊಂಡು ಇಳಿಸೋ ಅಂಥದ್ದು, ಹಳೇ ದಾಖಲೆ ಮಾಡಿದೋರು ಅದೇ ಓಟದಲ್ಲಿ ಇದ್ದಿದ್ರೆ ಇನ್ನೂರು ಮೀಟರ್ ಹಿಂದೆ ಇರ್ತಿದ್ರು. ಅಲ್ಲಿಗೆ ಮುಗೀಲಿಲ್ಲ. 11ನೇ ತಾರೀಖು 1500 ಮೀಟರ್, ಚು ಯುನ್‌ಶಿಯಾ ಅನ್ನೋ ಇನ್ನೊಬ್ಬಳು 3 ನಿಮಿಷ 50.46, ಹದಿಮೂರು ವರ್ಷದ ಹಳೇ ದಾಖಲೆ ಚಿಂದಿ, ಎರಡನೇ ಸ್ಥಾನಕ್ಕೆ ಬಂದ ವಾಂಗೂ ಹಳೇ ದಾಖಲೆಗಿಂತ ಫಾಸ್ಟು. 12ನೇ ತಾರೀಖು 3,000 ಮೀಟರ್ ಹೀಟ್ಸು, ಅಂದ್ರೆ ಫೈನಲ್ಲಿಗೆ ಆರಿಸೋ ಓಟ, ಹೀಟ್ಸಲ್ಲೇ ವಿಶ್ವ ದಾಖಲೆ ಮುರೀತು! 13ಕ್ಕೆ ಫೈನಲ್ಲು, ವಾಂಗ್ 8 ನಿಮಿಷ 6.11, ಹಿಂದಿನ ದಿನದ ತನ್ನ ದಾಖಲೇನೇ ಆರು ಸೆಕೆಂಡ್ ಇಳಿಸಿದ್ಲು, ಆ ಫೈನಲ್ಲಲ್ಲಿ ಐದು ಜನ ಹುಡುಗೀರು ಆ ವಾರಕ್ಕೆ ಮುಂಚೆ ಇದ್ದ ದಾಖಲೆಗಿಂತ ಜೋರಾಗಿ ಓಡಿದ್ರು. ಆರು ದಿನದಲ್ಲಿ ಇಷ್ಟು.

ಪತ್ರಿಕೆಯೋರು ಮಾ ಹತ್ರ ಹೋಗಿ ಕೇಳಿದ್ರು, ಏನಪ್ಪ ಗುಟ್ಟು ಅಂತ. ಆಮೆ ರಕ್ತ ಕುಡಿಸ್ತೀನಿ ಅಂದ. ಟಿಬೆಟ್ ಕಡೆ ಹುಳದ ಮೇಲೆ ಬೆಳೆಯೋ ಒಂದು ಶಿಲೀಂಧ್ರ ಇದೆ ಅದನ್ನ ಕೊಡ್ತೀನಿ ಅಂದ. ದಿನಾ ಹೆಚ್ಚುಕಮ್ಮಿ ಒಂದು ಮ್ಯಾರಥಾನಷ್ಟು ಓಡಿಸ್ತೀನಿ, ಎತ್ತರದ ಜಾಗದಲ್ಲಿ ಓಡಿಸ್ತೀನಿ ಅಂದ. ಜನ ಏನು ಮಾಡಿದ್ರು? ಆಮೆ ರಕ್ತದ ಟಾನಿಕ್ ಕೊಂಡ್ಕೊಂಡ್ರು! ಆಗ ಕೇಳ್ಬೇಕಿದ್ದಿದ್ದು ಒಂದೇ ಪ್ರಶ್ನೆ, ಈ ಹುಡುಗೀರು ಮೂರು ವರ್ಷದ ಹಿಂದೆ ಎಷ್ಟು ಓಡ್ತಿದ್ರು, ವರ್ಷ ವರ್ಷದ ಲೆಕ್ಕ ಕೊಡು ಅಂತ. 2000ದಲ್ಲಿ ಸಿಡ್ನಿಗೆ ರಕ್ತದ ಟೆಸ್ಟ್ ಬರ್ತಿದೆ ಅಂತ ಚೀನಾದೋರೇ ತಮ್ಮ ತಂಡನ ಪರೀಕ್ಷೆ ಮಾಡ್ಕೊಂಡಾಗ ಮಾ ಶಿಷ್ಯೆಯರಲ್ಲಿ ಆರು ಜನಾನ ಮನೇಲೇ ಬಿಟ್ಟು ಹೋಗ್ಬೇಕಾಯ್ತು. 2016ರಲ್ಲಿ ಇನ್ನೊಂದು ವಿಷಯ ಹೊರಗೆ ಬಂತು, ವಾಂಗ್ ಮತ್ತೆ ಅವಳ ಜೊತೆಗಾತಿಯರು 1995ರಲ್ಲೇ ಬರೆದಿದ್ದ ಪತ್ರ, ವರ್ಷಗಟ್ಟಲೆ ನಮಗೆ ನಿಷೇಧಿತ ಔಷಧಿ ತಗೊಳ್ಳೋ ಹಾಗೆ ಮಾಡಿದ್ರು ಅಂತ. ಆ ಹುಡುಗೀರನ್ನ ನೆನೆಸ್ಕೊಂಡ್ರೆ ನಂಗೆ ಇವತ್ತಿಗೂ ಸಂಕಟ ಆಗತ್ತೆ, ಓಡಿದ್ದು ಅವರು, ಬೆವರು ಅವರದ್ದು, ಮೈ ಅವರದ್ದು, ಕೊನೆಗೆ ಉಳಿದಿದ್ದು ಬರೀ ಅನುಮಾನ. ಆ 10,000 ಮೀಟರ್ ದಾಖಲೆ ಮುರಿಯೋಕೆ 2016ರ ರಿಯೋ ಒಲಿಂಪಿಕ್ಸ್ ತನಕ ಕಾಯ್ಬೇಕಾಯ್ತು, ಇಥಿಯೋಪಿಯಾದ ಅಲ್ಮಾಜ್ ಅಯಾನಾ ಬರೋ ತನಕ.

ಇದು ಒಂದು ಕಡೆ ಆಯ್ತು. ಹಂಗಂತ ಜೋರಾಗಿ ಓಡಿದೋರೆಲ್ಲ ಕಳ್ಳರು ಅಂತ ಅಲ್ಲ, ದಯವಿಟ್ಟು. 2004ರ ಅಥೆನ್ಸಲ್ಲಿ ಬ್ರಿಟನ್ನಿನ ಕೆಲ್ಲಿ ಹೋಮ್ಸ್ 34ನೇ ವಯಸ್ಸಲ್ಲಿ 800, 1500 ಎರಡೂ ಚಿನ್ನ ಗೆದ್ದರು. 34ರಲ್ಲಿ ಎರಡು ಚಿನ್ನ, ಇದೇನಿದು ಅನ್ಸತ್ತಾ? ಲೆಕ್ಕ ತೆಗೀರಿ. 1995ರಲ್ಲೇ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ ಬೆಳ್ಳಿ ಮತ್ತೆ ಕಂಚು, 2000ದ ಸಿಡ್ನಿಯಲ್ಲಿ ಕಂಚು, ಮಧ್ಯ ಮಧ್ಯ ವರ್ಷಗಟ್ಟಲೆ ಕಾಲು ಗಾಯ. ಗಾಯ ಇಲ್ದೆ ಓಡಿದ ಒಂದು ವರ್ಷ ಗೆದ್ದರು. ಹಿಂದಿನ ಲೆಕ್ಕ ಇದೆ.

ನಮ್ಮಲ್ಲೇ ಒಂದು ಮಗು ಇತ್ತು, ಹೆಸರು ಬೇಡ, ಪಾವಗಡ ಕಡೆಯ ಹುಡುಗಿ. 800 ಮೀಟರ್ 2 ನಿಮಿಷ 36 ಓಡ್ತಿದ್ದೋಳು ಮುಂದಿನ ಸೀಸನ್ 2 ನಿಮಿಷ 22. ಆಗ ಶುರುವಾಯ್ತು ನೋಡಿ ಗುಸುಗುಸು. ಅವಳ ಪಿಟಿ ಮೇಷ್ಟ್ರು ಒಂದು ನೋಟ್‌ಬುಕ್ ಇಟ್ಟಿದ್ರು, ಪ್ರತಿ ದಿನದ ಓಟ ಅದರಲ್ಲಿತ್ತು, ಆಸ್ಪತ್ರೆ ಚೀಟೀನೂ ಅಂಟಿಸಿದ್ರು. ಹಿಮೋಗ್ಲೋಬಿನ್ 8.4! ತಿಂಗಳ ಮುಟ್ಟಲ್ಲಿ ಜಾಸ್ತಿ ರಕ್ತ ಹೋಗ್ತಿತ್ತು, ಯಾರ ಹತ್ರಾನೂ ಹೇಳಿರಲಿಲ್ಲ, ಊಟ ಆದ ತಕ್ಷಣ ಟೀ ಕುಡಿಯೋ ಅಭ್ಯಾಸ ಬೇರೆ, ಟೀ ಕುಡಿದ್ರೆ ಊಟದ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ. ಸರ್ಕಾರಿ ಆಸ್ಪತ್ರೆಯ ಕಬ್ಬಿಣದ ಮಾತ್ರೆ, ಸೊಪ್ಪು, ಮೊಟ್ಟೆ, ಕೆಲವು ತಿಂಗಳಲ್ಲಿ 12 ದಾಟ್ತು. ಅದೇ ಹುಡುಗಿ, ಅದೇ ಕಾಲು, ರಕ್ತ ಇರ್ಬೇಕಾದಷ್ಟು ಆಯ್ತು ಅಷ್ಟೇ. ನೋಟ್‌ಬುಕ್ ತೋರಿಸಿದ ಮೇಲೆ ಎಲ್ಲರ ಬಾಯಿ ಮುಚ್ತು. ಹೆಣ್ಣುಮಕ್ಕಳ ತಾಯಂದಿರೇ, ಮಗಳು ಬೇಗ ಸುಸ್ತಾಗ್ತಾಳೆ ಅಂದ್ರೆ ಪೌಡರ್ ಡಬ್ಬಿ ತರ್ಬೇಡಿ, ಮೊದಲು ಹಿಮೋಗ್ಲೋಬಿನ್ ಟೆಸ್ಟ್ ಮಾಡ್ಸಿ.

ಟೈಮ್ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದಾರೆ, ಬೇಗ ಹೇಳ್ತೀನಿ. ಈ ವಾಡಾ ಅಂತ ಇಡೀ ಜಗತ್ತಿಗೆ ಒಂದು ಸಂಸ್ಥೆ ಇದೆಯಲ್ಲ, ಉದ್ದೀಪನ ಮದ್ದು ತಡೆಯೋದು, ಅವರೂ 2009ರಿಂದ ಮಾಡ್ತಿರೋದು ನಾನು ಹೇಳ್ತಿರೋದನ್ನೇ. ಬಯಾಲಜಿಕಲ್ ಪಾಸ್‌ಪೋರ್ಟ್ ಅಂತ, ಒಬ್ಬ ಓಟಗಾರನ ರಕ್ತದ ಲೆಕ್ಕ ವರ್ಷಗಟ್ಟಲೆ ಇಟ್ಟು ಎಲ್ಲಿ ಏರುಪೇರು ಆಯ್ತು ಅಂತ ನೋಡ್ತಾರೆ. ಮದ್ದೇ ಸಿಗ್ಬೇಕು ಅಂತಿಲ್ಲ, ಲೆಕ್ಕ ತಪ್ಪಿದ್ರೆ ಸಿಕ್ಕಿಬಿದ್ದಂಗೆ. 2012ರ ಲಂಡನ್ನಲ್ಲಿ ಹೆಂಗಸರ 1500 ಮೀಟರ್ ಗೆದ್ದ ಟರ್ಕಿಯ ಓಟಗಾರ್ತಿಯ ಚಿನ್ನ ಹೋಗಿದ್ದು ಹಿಂಗೇ, ಅವಳ ಹಿಂದೆ ಬಂದ ಬೆಳ್ಳೀನೂ ಆಮೇಲೆ ಹೋಯ್ತು.

ನಮ್ಮ ದೇಶದ್ದು ಹೇಳೋಕೆ ನೋವಾಗತ್ತೆ. 2022ರಲ್ಲಿ ಭಾರತದಲ್ಲಿ ತಗೊಂಡ 3,865 ಸ್ಯಾಂಪಲ್‌ಗಳಲ್ಲಿ 125 ಪಾಸಿಟಿವ್, ದೊಡ್ಡ ಮಟ್ಟದಲ್ಲಿ ಟೆಸ್ಟ್ ಮಾಡೋ ದೇಶಗಳ ಪೈಕಿ ಶೇಕಡಾ ಲೆಕ್ಕದಲ್ಲಿ ನಾವೇ ಮೇಲೆ. 2023ರ ಸೆಪ್ಟೆಂಬರಲ್ಲಿ ದಿಲ್ಲಿ ರಾಜ್ಯ ಕೂಟದಲ್ಲಿ ನಾಡಾ, ಅಂದ್ರೆ ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ, ಅದರ ಅಧಿಕಾರಿಗಳು ಟೆಸ್ಟ್ ಮಾಡೋಕೆ ಬಂದ್ರು ಅಂತ ಗೊತ್ತಾಗ್ತಿದ್ದಂಗೆ 100 ಮೀಟರ್ ಫೈನಲ್ಲಿಗೆ ಒಬ್ಬನೇ ಒಬ್ಬ ನಿಂತಿದ್ದ, ಜೂನಿಯರ್ ಸ್ಟೀಪಲ್‌ಚೇಸ್ (ಅಡ್ಡ ಇಟ್ಟಿರೋ ದಿಮ್ಮಿ, ನೀರು ಹಾರಿ ಓಡೋ ಓಟ) ಓಡಿದ ಹುಡುಗಿ ಗೆರೆ ದಾಟಿದ ಮೇಲೂ ನಿಲ್ದೆ ಓಡ್ತಾನೇ ಇದ್ಲು, ಅಧಿಕಾರಿ ಹಿಂದೆ ಓಡ್ಬೇಕಾಯ್ತು. ಆ ಮಗುಗೆ ಇದನ್ನ ಕಲಿಸಿದ ದೊಡ್ಡೋರು ಯಾರು ಅಂತ ನಾನು ಕೇಳ್ತೀನಿ. ಪೊಲೀಸ್ ಭರ್ತಿ, ಸೈನ್ಯದ ಭರ್ತಿ ಅಂತ 1600 ಮೀಟರ್ ಪ್ರಾಕ್ಟೀಸ್ ಮಾಡ್ತಿರೋ ಹುಡುಗರೇ, ಜಿಮ್ಮಲ್ಲಿ ಯಾರೋ ಸೂಜಿ ತೋರಿಸಿದ್ರೆ ಎದ್ದು ಬನ್ನಿ. ದೇವರಾಯನದುರ್ಗದ ಏರು ಇದೆ, ವಾರಕ್ಕೊಂದು ಸಲ ಅಲ್ಲಿ ಹತ್ತಿ, ಸಾಕು.

ಕೊನೇದು. ಇವತ್ತೇ ಒಂದು ನೋಟ್‌ಬುಕ್ ತಗೊಳ್ಳಿ. ತಾರೀಖು, ಎಷ್ಟು ದೂರ, ಎಷ್ಟು ಟೈಮು, ಎಷ್ಟು ನಿದ್ದೆ, ಶೂ ಯಾವ್ದು (ಈಗಿನ ಕಾರ್ಬನ್ ಪ್ಲೇಟ್ ಸ್ಪೈಕ್ ಹಾಕಿದ್ರೂ ಟೈಮ್ ಇಳಿಯತ್ತೆ, ಅದನ್ನೂ ಬರೀರಿ). ಶೀತ ಜ್ವರಕ್ಕೆ ನುಂಗಿದ ಮಾತ್ರೆ ಕೂಡ ಬರೀಬೇಕು. ಅಸ್ತಮಾ ಇರೋ ಮಕ್ಕಳು ಡಾಕ್ಟರ್ ಹತ್ರ ನಾನು ಓಟಗಾರ ಅಂತ ಮೊದಲೇ ಹೇಳಿ, ಕೆಲವು ಔಷಧಿಗೆ ಅನುಮತಿ ಪತ್ರ ಬೇಕಾಗತ್ತೆ. ಬೇಸಿಗೆ ಕ್ಯಾಂಪಿಗೆ ಬರೋರು ಆ ನೋಟ್‌ಬುಕ್ ತನ್ನಿ. ಅದಿಲ್ದೆ ಬಂದೋರನ್ನ ನಾನು ಮೊದಲ ದಿನ ಟ್ರಯಲ್ ಓಡಿಸಲ್ಲ, ಬರೆಯೋಕೆ ಕೂರಿಸ್ತೀನಿ. ನಮಸ್ಕಾರ.