ಪಿಜಿಎ ಚಾಂಪಿಯನ್‌ಶಿಪ್: ಗೆದ್ದವರಿಗಿಂತ ಒಳಗೆ ಬಂದವರ ಕಥೆ ದೊಡ್ಡದು

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬ ಮಹನೀಯರು ಹೀಗೆ ಬರೆದಿದ್ದಾರೆ: "ಮಾಸ್ಟರ್ಸ್ ಬಗ್ಗೆ ಹೇಳಿ, ಬ್ರಿಟಿಷ್ ಓಪನ್ ಬಗ್ಗೆ ಹೇಳಿ; ಪಿಜಿಎ ಚಾಂಪಿಯನ್‌ಶಿಪ್ಪಿಗೆ ಕಥೆಯೇ ಇಲ್ಲ." ಮೂರೂ ಗಾಲ್ಫ್ ಆಟದ ದೊಡ್ಡ ಟೂರ್ನಿಗಳು; ಪಿಜಿಎ ಎಂದರೆ ವೃತ್ತಿಪರ ಗಾಲ್ಫ್ ಆಟಗಾರರ ಸಂಘ. ಬರೆದವರ ಮೇಲೆ ನನಗೆ ಅಷ್ಟು ಕೋಪವಿಲ್ಲ, ಆ ಮಾತಿಗೆ ತಲೆದೂಗಿ ಮೆಚ್ಚುಗೆ ಒತ್ತಿದವರನ್ನು ಕಂಡು ಮಾತ್ರ ಹೊಟ್ಟೆ ಉರಿಯಿತು. ಆದ್ದರಿಂದ ಈ ವಾರ ಮಾಡಬೇಕೆಂದಿದ್ದ ವಿಷಯವನ್ನು ಬದಿಗಿಟ್ಟು ಉತ್ತರ ಕೊಡಲು ಕುಳಿತಿದ್ದೇನೆ.

ಮಾಸ್ಟರ್ಸ್‌ನಲ್ಲಿ ಗೆದ್ದವನಿಗೆ ತೊಡಿಸುವ ಹಸಿರು ಕೋಟಿದೆ, ಹೂವಿದೆ, ಅದನ್ನು ಹೊಗಳುವಾಗ ಗದ್ಗದಿತರಾಗುವ ವೀಕ್ಷಕ ವಿವರಣೆಕಾರರಿದ್ದಾರೆ. ಪಿಜಿಎಯಲ್ಲಿ ಅವು ಯಾವುವೂ ಇಲ್ಲ, ಒಪ್ಪಿದೆ. ಆದರೆ ನನ್ನ ವಾದ ಬೇರೆ. ಈ ಚಾಂಪಿಯನ್‌ಶಿಪ್ಪಿನ ನಿಜವಾದ ಕಥೆ ಯಾರು ಗೆದ್ದರು ಎಂಬುದರಲ್ಲಿಲ್ಲ. ಯಾರು ಒಳಗೆ ಬಂದರು, ಯಾರನ್ನು ಬಾಗಿಲಲ್ಲೇ ನಿಲ್ಲಿಸಿದರು ಎಂಬುದರಲ್ಲಿದೆ.

ಇದನ್ನು ಕಟ್ಟಿದವರು ಯಾರು ಎಂಬುದನ್ನು ಮೊದಲು ನೋಡಿ. ಆ ಕಾಲದಲ್ಲಿ ವೃತ್ತಿಪರ ಗಾಲ್ಫ್ ಆಟಗಾರನೆಂದರೆ ಕ್ಲಬ್ಬಿನ ನೌಕರ. ಸದಸ್ಯರಿಗೆ ಆಟ ಕಲಿಸುವುದು, ಮುರಿದ ಕೋಲನ್ನು ರಿಪೇರಿ ಮಾಡುವುದು, ಚೆಂಡು ಮಾರುವುದು ಅವನ ಕೆಲಸ. ಸದಸ್ಯರು ಕೂರುವ ಕ್ಲಬ್‌ಹೌಸಿಗೆ ಮುಂಬಾಗಿಲಿನಿಂದ ಹೋಗುವ ಹಕ್ಕು ಬಹುಪಾಲು ಕಡೆ ಅವನಿಗಿರಲಿಲ್ಲ. 1916ರ ಜನವರಿಯಲ್ಲಿ ರಾಡ್‌ಮನ್ ವಾನಮೇಕರ್ ಎಂಬ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿನ ವಾರಸುದಾರ ಇಂಥವರನ್ನು ನ್ಯೂಯಾರ್ಕಿನಲ್ಲಿ ಊಟಕ್ಕೆ ಕರೆದ. ಚೆಂಡು ಮಾರುವವರನ್ನು ಒಲಿಸಿಕೊಂಡರೆ ಅಂಗಡಿಯ ಚೆಂಡೂ ಬಿಕರಿಯಾಗುತ್ತದೆ ಎಂಬ ಲೆಕ್ಕ ಅವನಿಗಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ, ಅದು ತಪ್ಪೆಂದೂ ನಾನು ಹೇಳುವುದಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಪಿಜಿಎ ಸಂಸ್ಥೆ ಹುಟ್ಟಿತು; ಅಕ್ಟೋಬರ್‌ನಲ್ಲಿ ಬ್ರಾಂಕ್ಸ್‌ವಿಲ್‌ನ ಸಿವಾನಾಯ್ ಕ್ಲಬ್ಬಿನಲ್ಲಿ ಜಿಮ್ ಬಾರ್ನ್ಸ್, ಜಾಕ್ ಹಚಿಸನ್‌ನನ್ನು ಸೋಲಿಸಿ 500 ಡಾಲರ್ ಪಡೆದ. ಕ್ಲಬ್ಬಿನ ಒಳಗೆ ಸ್ಥಾನವಿಲ್ಲದವರು ತಮಗಾಗಿ ಕಟ್ಟಿಕೊಂಡ ಟೂರ್ನಿ ಇದು. ಕಥೆ ಇಲ್ಲವಂತೆ!

ಇನ್ನು ಆ ಕಾಲದ ಅಮೆರಿಕದ ವೃತ್ತಿಪರ ಆಟಗಾರ ವಾಲ್ಟರ್ ಹೇಗನ್. 1920ರಲ್ಲಿ ಬ್ರಿಟಿಷ್ ಓಪನ್ ಆಡಲು ಇಂಗ್ಲೆಂಡಿನ ಡೀಲ್‌ಗೆ ಹೋದಾಗ, ವೃತ್ತಿಪರನೆಂಬ ಕಾರಣಕ್ಕೆ ಆತನನ್ನು ಕ್ಲಬ್‌ಹೌಸಿನೊಳಗೆ ಬಿಡಲಿಲ್ಲ. ಆತ ಜಗಳವಾಡಲಿಲ್ಲ, ಐಷಾರಾಮಿ ಕಾರೊಂದನ್ನು ಬಾಡಿಗೆಗೆ ಹಿಡಿದು, ಕ್ಲಬ್ಬಿನ ಮುಂದೆಯೇ ನಿಲ್ಲಿಸಿ, ಅದರಲ್ಲಿಯೇ ಬಟ್ಟೆ ಬದಲಿಸಿಕೊಂಡ. ಇದೇ ಹೇಗನ್ ಪಿಜಿಎಯನ್ನು 1921ರಲ್ಲಿ ಒಮ್ಮೆ, 1924ರಿಂದ 1927ರವರೆಗೆ ಸತತವಾಗಿ ನಾಲ್ಕು ಬಾರಿ ಗೆದ್ದ. 1928ರಲ್ಲಿ ಲಿಯೋ ಡೀಗಲ್ ಗೆದ್ದಾಗ, ಟ್ರೋಫಿ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಹೋಟೆಲಿಗೆ ತಲುಪಿಸೆಂದು ಟ್ಯಾಕ್ಸಿ ಚಾಲಕನ ಕೈಗೆ ಕೊಟ್ಟಿದ್ದಾಗಿಯೂ ಅದು ತಲುಪಲೇ ಇಲ್ಲವೆಂದೂ ಹೇಗನ್‌ನ ಕಥೆ. ಹನ್ನೆರಡು ಕಿಲೋ ತೂಗುವ ಬೆಳ್ಳಿಯ ಪಾತ್ರೆ ಅದು. ಜೇಬಿನಿಂದ ಜಾರಿ ಬೀಳುವಂಥದ್ದಲ್ಲ. ಕೆಲಕಾಲದ ನಂತರ ಅದು ಡೆಟ್ರಾಯಿಟ್‌ನಲ್ಲಿ, ಹೇಗನ್ ಹೆಸರಿನ ಗಾಲ್ಫ್ ಕೋಲುಗಳನ್ನು ತಯಾರಿಸುತ್ತಿದ್ದ ಕಂಪನಿಯ ನೆಲಮಾಳಿಗೆಯಲ್ಲಿ ಸಿಕ್ಕಿತು. ಈ ಪ್ರಸಂಗವನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ನನಗೆ ಟ್ರೋಫಿಗಿಂತ ಆ ಕಾರು ಮುಖ್ಯ. ಬಾಗಿಲು, ಸ್ವಾಮಿ, ಬಾಗಿಲು!

ಇನ್ನು ಮುಂದಿನದು ನಗುವ ಕಥೆಯಲ್ಲ. ತಾವೇ ಹೊರಗೆ ನಿಂತು ನೊಂದ ಪಿಜಿಎ ಸಂಸ್ಥೆಯವರು 1934ರಲ್ಲಿ ತಮ್ಮ ನಿಯಮಾವಳಿಯಲ್ಲಿ ಬಿಳಿಯ ಜನಾಂಗದವರಿಗೆ ಮಾತ್ರ ಸದಸ್ಯತ್ವ ಎಂದು ಬರೆದುಕೊಂಡರು. 1948ರಲ್ಲಿ ಬಿಲ್ ಸ್ಪಿಲ್ಲರ್ ಮತ್ತು ಟೆಡ್ ರೋಡ್ಸ್ ಎಂಬ ಇಬ್ಬರು ಕಪ್ಪು ಆಟಗಾರರನ್ನು ಕ್ಯಾಲಿಫೋರ್ನಿಯಾದ ರಿಚ್‌ಮಂಡ್ ಓಪನ್‌ನಲ್ಲಿ ಆಡಗೊಡಲಿಲ್ಲ. 1952ರಲ್ಲಿ ಸ್ಯಾನ್ ಡಿಯಾಗೋದಲ್ಲಿ, ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಜೋ ಲೂಯಿಸ್ ಗಲಾಟೆ ಎಬ್ಬಿಸಿದಾಗ ಆತನನ್ನು ಹವ್ಯಾಸಿ ಎಂದು ಒಳಗೆ ಬಿಟ್ಟರು, ಸ್ಪಿಲ್ಲರ್‌ನನ್ನು ಬಿಡಲಿಲ್ಲ. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಸ್ಟ್ಯಾನ್ಲಿ ಮಾಸ್ಕ್, ಈ ನಿಯಮವಿರುವ ತನಕ ನಮ್ಮ ರಾಜ್ಯದ ಸಾರ್ವಜನಿಕ ಮೈದಾನಗಳಲ್ಲಿ ಆಡುವಂತಿಲ್ಲ ಎಂದು ಪಟ್ಟು ಹಿಡಿದರು. ಸಂಸ್ಥೆ ಏನು ಮಾಡಿತು ಗೊತ್ತೇ? 1962ರಲ್ಲಿ ಲಾಸ್ ಏಂಜಲಿಸ್‌ನ ಬ್ರೆಂಟ್‌ವುಡ್‌ನಲ್ಲಿ ನಡೆಯಬೇಕಿದ್ದ ಚಾಂಪಿಯನ್‌ಶಿಪ್ಪನ್ನೇ ಪೆನ್ಸಿಲ್ವೇನಿಯಾದ ಅರೋನಿಮಿಂಕ್‌ಗೆ ಎತ್ತಿಕೊಂಡು ಹೋಯಿತು! 1961ರ ನವೆಂಬರ್‌ನಲ್ಲಿ ಕೊನೆಗೂ ಆ ಸಾಲನ್ನು ಅಳಿಸಿದಾಗ, ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದ ಕಪ್ಪು ಆಟಗಾರ ಚಾರ್ಲಿ ಸಿಫರ್ಡ್‌ಗೆ ಮೂವತ್ತೊಂಬತ್ತು ವರ್ಷ. ಸ್ಪಿಲ್ಲರ್ ಮತ್ತು ರೋಡ್ಸ್‌ಗೆ ಪಿಜಿಎ ಸದಸ್ಯತ್ವ ಸಿಕ್ಕಿದ್ದು 2009ರಲ್ಲಿ. ಅಷ್ಟರಲ್ಲಿ ಇಬ್ಬರೂ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

"ಹಳೆಯ ಕಾಲ, ಆಗ ಎಲ್ಲ ಕಡೆ ಹಾಗೇ ಇತ್ತು" ಎಂದು ಯಾರೋ ಈಗಾಗಲೇ ಟೈಪ್ ಮಾಡುತ್ತಿರಬೇಕು. ಟೈಪ್ ಮಾಡುವ ಬೆರಳು ಸ್ವಲ್ಪ ತಡೆಯಲಿ. 1990 ಹಳೆಯ ಕಾಲವೇ? ಆ ವರ್ಷ ಪಿಜಿಎ ನಡೆದದ್ದು ಅಲಬಾಮಾದ ಬರ್ಮಿಂಗ್‌ಹ್ಯಾಮ್ ಬಳಿಯ ಶೋಲ್ ಕ್ರೀಕ್ ಕ್ಲಬ್ಬಿನಲ್ಲಿ. ಕಪ್ಪು ಜನರನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವಂತೆ ಯಾರೂ ತಮ್ಮ ಮೇಲೆ ಒತ್ತಡ ತರಲಾಗದು ಎಂಬರ್ಥದ ಮಾತನ್ನು ಕ್ಲಬ್ಬಿನ ಸ್ಥಾಪಕ ಹಾಲ್ ಥಾಂಪ್ಸನ್ ಪತ್ರಿಕೆಯೊಂದಿಗೆ ಆಡಿದರು. ಜಾಹೀರಾತುದಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಆಗ ಕ್ಲಬ್ಬಿನ ಮನಸ್ಸು ದಿಢೀರನೆ ವಿಶಾಲವಾಯಿತು. ಲೂಯಿಸ್ ವಿಲಿ ಎಂಬ ಕಪ್ಪು ಉದ್ಯಮಿಯನ್ನು ಗೌರವ ಸದಸ್ಯರನ್ನಾಗಿ ಸೇರಿಸಿಕೊಂಡಿತು. ದೊಡ್ಡ ಟೂರ್ನಿ ಬೇಕೆನ್ನುವ ಕ್ಲಬ್ ಸದಸ್ಯತ್ವದಲ್ಲಿ ತಾರತಮ್ಯ ಮಾಡುವಂತಿಲ್ಲ ಎಂಬ ನಿಯಮ ಬಂದದ್ದು ಇದಾದ ಮೇಲೆಯೇ. ಆ ವರ್ಷ ಗೆದ್ದದ್ದು ಯಾರು? ಆಸ್ಟ್ರೇಲಿಯಾದ ವೇಯ್ನ್ ಗ್ರೇಡಿ. ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿತ್ತು? ನಾನು ಹೇಳುತ್ತಿರುವುದೇ ಅದು!

(ಇಲ್ಲಿಯವರೆಗೆ ಕೇಳಿ ಇನ್ನೂ ಚಂದಾದಾರರಾಗದವರು ಈಗ ಆಗಿಬಿಡಿ. ನಮ್ಮ ಬಾಗಿಲಲ್ಲಿ ಯಾರನ್ನೂ ತಡೆಯುವುದಿಲ್ಲ.)

ಮರುವರ್ಷ, 1991, ಇಂಡಿಯಾನಾದ ಕ್ರೂಕೆಡ್ ಸ್ಟಿಕ್. ಬರಬೇಕಾದವರು ಬಾರದಿದ್ದರೆ ಕರೆಯುವ ಪಟ್ಟಿಯಲ್ಲಿ ಜಾನ್ ಡೇಲಿಯ ಹೆಸರು ಒಂಬತ್ತನೆಯದು. ಮದುವೆಮನೆಯಲ್ಲಿ ಎಂಟು ಪಂಕ್ತಿ ಎದ್ದ ಮೇಲೆ ಎಲೆ ಸಿಕ್ಕಂತೆ ಆತನಿಗೆ ಅವಕಾಶ ಸಿಕ್ಕಿತು, ಅದೂ ಇನ್ನೊಬ್ಬ ಆಟಗಾರ ನಿಕ್ ಪ್ರೈಸ್‌ನ ಹೆಂಡತಿಗೆ ಹೆರಿಗೆ ಹತ್ತಿರವಾಗಿ ಆತ ಹಿಂದೆ ಸರಿದದ್ದರಿಂದ. ಡೇಲಿ ಮೆಂಫಿಸ್‌ನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದು, ಮೈದಾನದ ಒಂದು ಹೋಲನ್ನೂ (ಚೆಂಡು ಬೀಳಿಸಬೇಕಾದ ಗುಳಿ) ಅಭ್ಯಾಸಕ್ಕಾಗಿ ಆಡದೆ, ಪ್ರೈಸ್‌ನ ಕ್ಯಾಡಿ (ಆಟಗಾರನ ಕೋಲುಗಳ ಚೀಲ ಹೊರುವವ) ಜೆಫ್ ಮೆಡ್ಲನ್ ಹೇಳಿದ ಕಡೆಗೆ ಬಾರಿಸಿ, ಮೂರು ಹೊಡೆತಗಳ ಅಂತರದಲ್ಲಿ ಗೆದ್ದ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಮೊದಲ ದಿನ ಸಿಡಿಲು ಬಡಿದು ಪ್ರೇಕ್ಷಕರೊಬ್ಬರು ಸತ್ತರು, ಅವರ ಇಬ್ಬರು ಹೆಣ್ಣುಮಕ್ಕಳ ಓದಿಗೆಂದು ಡೇಲಿ ತನ್ನ ಬಹುಮಾನದಿಂದ 30,000 ಡಾಲರ್ ಕೊಟ್ಟ. ಇನ್ನೊಂದು: 1992ರಲ್ಲಿ ನಿಕ್ ಪ್ರೈಸ್ ಇದೇ ಚಾಂಪಿಯನ್‌ಶಿಪ್ ಗೆದ್ದಾಗ ಚೀಲ ಹೊತ್ತಿದ್ದವನೂ ಮೆಡ್ಲನ್ನೇ. ಎರಡು ವರ್ಷ, ಇಬ್ಬರು ಚಾಂಪಿಯನ್ನರು, ಕ್ಯಾಡಿ ಒಬ್ಬನೇ. ಆತನ ಹೆಸರು ಟ್ರೋಫಿಯ ಮೇಲಿದೆಯೇ? ಬಿಡಿ.

ಈಗ ಕೆಲವರು ತಜ್ಞರಂತೆ ಹೇಳುತ್ತಾರೆ: ಪಿಜಿಎಯ 156 ಸ್ಥಾನಗಳಲ್ಲಿ 20 ಸ್ಥಾನಗಳನ್ನು ಕ್ಲಬ್ಬುಗಳಲ್ಲಿ ಪಾಠ ಹೇಳುವವರಿಗೆ ಕೊಡುವುದು ದಂಡ, ಆ ಜಾಗದಲ್ಲಿ ಒಳ್ಳೆಯ ಆಟಗಾರರನ್ನು ತರಬೇಕು. ಆಹಾ! ಯಾರ ಮನೆಯಲ್ಲಿ ಕುಳಿತು ಯಾರನ್ನು ಹೊರಗೆ ಕಳಿಸುತ್ತಿದ್ದೀರಿ? ಆ ಇಪ್ಪತ್ತು ಜನರ ಪೂರ್ವಜರಲ್ಲವೇ ಇದನ್ನು ಕಟ್ಟಿದವರು? 2023ರಲ್ಲಿ ಓಕ್ ಹಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಠದ ಮೇಷ್ಟ್ರು ಮೈಕಲ್ ಬ್ಲಾಕ್, ನಲವತ್ತಾರರ ವಯಸ್ಸಿನಲ್ಲಿ, ಕೊನೆಯ ದಿನ ಹೆಸರಾಂತ ಆಟಗಾರ ರೋರಿ ಮೆಕಿಲ್ರಾಯ್ ಜೊತೆಯಲ್ಲಿ ಆಡುತ್ತ, ಹದಿನೈದನೇ ಹೋಲಿನಲ್ಲಿ ಒಂದೇ ಹೊಡೆತಕ್ಕೆ ಚೆಂಡನ್ನು ನೇರ ಗುಳಿಗೆ ಹಾಕಿದರು. ಒಟ್ಟಾರೆ ಹದಿನೈದನೇ ಸ್ಥಾನ ಹಂಚಿಕೊಂಡರು. ಬ್ರೂಕ್ಸ್ ಕೆಪ್ಕಾ ಗೆದ್ದರು ಎಂದು ನೀವು ಹೇಳಬಹುದು. ಗೆಲ್ಲಲಿ, ಸಂತೋಷ. ಊರೆಲ್ಲ ಮಾತಾಡಿದ್ದು ಯಾರ ಬಗ್ಗೆ?

ನಮ್ಮವರ ಮಾತೂ ಇಲ್ಲಿ ಬರಬೇಕು. ಬೆಂಗಳೂರಿನ ಅನಿರ್ಬನ್ ಲಾಹಿರಿ 2015ರಲ್ಲಿ ವಿಸ್ಲಿಂಗ್ ಸ್ಟ್ರೇಟ್ಸ್‌ನಲ್ಲಿ ಐದನೇ ಸ್ಥಾನ ಹಂಚಿಕೊಂಡದ್ದು ಇದೇ "ಕಥೆಯಿಲ್ಲದ" ಚಾಂಪಿಯನ್‌ಶಿಪ್ಪಿನಲ್ಲಿ. ಒಳಗೆ ಬರುವುದು ಎಷ್ಟು ಕಷ್ಟ ಎಂದು ಕೇಳಬೇಕಾದರೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಚೀಲ ಹೊತ್ತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅವರ ಬಗ್ಗೆ ಪೂರ್ತಿ ಒಂದು ಸಂಚಿಕೆ ಮಾಡುವ ಆಸೆಯಿದೆ. ಖರ್ಚು ಹೊರುವ ಪ್ರಾಯೋಜಕರಿದ್ದರೆ ಮಿಂಚಂಚೆ ಕಳಿಸಿ, ಇಲ್ಲದಿದ್ದರೂ ಮಾಡುತ್ತೇನೆ.

ಇನ್ನು ಸಾಕ್ಷಿ ಬೇಕೇ? ಬೇಡ, ಇಷ್ಟು ಕೊಟ್ಟರೂ ಒಪ್ಪದವರು ಇನ್ನಷ್ಟು ಕೊಟ್ಟರೂ ಒಪ್ಪುವುದಿಲ್ಲ. ಕಥೆ ಒಳಗೆ ಬಂದವರದ್ದು ಎಂದು ನಾನು ಹೇಳುತ್ತೇನೆ, ಅಷ್ಟೇ. ಹಸಿರು ಕೋಟು ಬೇಕಾದವರು ಹೊಲಿಸಿಕೊಳ್ಳಲಿ. ಮುಂದಿನ ಮೇ ತಿಂಗಳಲ್ಲಿ ಆಟಗಾರರ ಪಟ್ಟಿ ಹೊರಬಂದಾಗ ಆ ಇಪ್ಪತ್ತು ಮೇಷ್ಟ್ರುಗಳ ಹೆಸರನ್ನು, ಅವರು ಕೆಲಸ ಮಾಡುವ ಕ್ಲಬ್ಬಿನ ಹೆಸರಿನ ಸಮೇತ, ಒಂದೂ ಬಿಡದೆ ಇಲ್ಲಿ ಓದುತ್ತೇನೆ. ಬೇಸರವಾದವರು ಮುಂದಕ್ಕೆ ಓಡಿಸಿಕೊಂಡು ಗೆದ್ದವನ ಹೆಸರನ್ನು ಕೇಳಿಸಿಕೊಳ್ಳಬಹುದು. ಅದನ್ನು ಹೇಳುವುದು ನನಗೆ ನೆನಪಿದ್ದರೆ.